ನೆನಪೂ ವಿಶ್ವಾಸವೂ: ಫಿಲಿಪ್ಪೀನ್ಸಿನ ಬಾಲ್ಯದಿಂದ ಒಂದು ಪಾಠ



ದುಬೈ, ಕುವೈತ್ ಮುಂತಾದ ಕಡೆ ದುಡಿದು ಬಂದವರು ನಿಮ್ಮ ಧರ್ಮಕೇಂದ್ರದಲ್ಲೂ ಇರಬಹುದು. ಅಲ್ಲಿನ ದೇವಾಲಯದಲ್ಲಿ ನಿಮ್ಮ ಪಕ್ಕದಲ್ಲಿ ಮೊಣಕಾಲೂರಿದವರು ಯಾರು ಎಂದು ಅವರನ್ನು ಕೇಳಿ ನೋಡಿ. ಫಿಲಿಪ್ಪೀನ್ಸಿನವರು ಎಂಬ ಉತ್ತರ ಖಂಡಿತ ಬರುತ್ತದೆ. ಅವರಲ್ಲಿ ಇಂದು ನಲವತ್ತು, ಐವತ್ತು ದಾಟಿದವರು 1980ರ ದಶಕದಲ್ಲಿ ಮಕ್ಕಳಾಗಿದ್ದವರು. ತಮ್ಮ ಬಾಲ್ಯದ ಮಾತು ತೆಗೆದರೆಂದರೆ ಅವರು ಸುಲಭವಾಗಿ ನಿಲ್ಲಿಸುವವರಲ್ಲ. ಆ ನೆನಪುಗಳಲ್ಲಿ ನಮ್ಮ ವಿಶ್ವಾಸಕ್ಕೆ ಸಂಬಂಧಿಸಿದ ಒಂದು ಪ್ರಶ್ನೆ ಅಡಗಿದೆ. ಅದನ್ನು ಈ ವಾರ ಸ್ವಲ್ಪ ಯೋಚಿಸೋಣ.

ಮೊದಲು ಬರುವ ನೆನಪು 'ಸಿಂಬಾಂಗ್ ಗಾಬಿ'ಯದು. ಡಿಸೆಂಬರ್ 16ರಿಂದ 24ರವರೆಗೆ ಒಂಬತ್ತು ದಿನ, ಕೋಳಿ ಕೂಗುವ ಹೊತ್ತಿಗೆ ನಡೆಯುವ ಬಲಿಪೂಜೆ ಅದು. ಗದ್ದೆಗೆ ಹೋಗುವ ರೈತರಿಗೆ ಅನುಕೂಲವಾಗಲೆಂದು ಸ್ಪೇನಿನವರ ಆಳ್ವಿಕೆಯ ಕಾಲದಲ್ಲಿ ನಸುಕಿಗೆ ಇಟ್ಟದ್ದು, ಹಾಗೆಯೇ ಉಳಿದುಕೊಂಡಿದೆ. ಅಜ್ಜಿಯಂದಿರು ನಿದ್ದೆಗಣ್ಣಿನ ಮೊಮ್ಮಕ್ಕಳನ್ನು ಎಬ್ಬಿಸಿ ಕೈಹಿಡಿದು ಕರೆದೊಯ್ಯುತ್ತಿದ್ದರು. ದಾರಿಯ ಮನೆಗಳ ಕಿಟಕಿಗಳಲ್ಲಿ 'ಪರೋಲ್' ತೂಗುತ್ತಿದ್ದವು: ಬಿದಿರಿನ ಕಡ್ಡಿಗೆ ತೆಳುವಾದ ಬಣ್ಣದ ಕಾಗದ ಅಂಟಿಸಿದ ನಕ್ಷತ್ರಗಳು, ನಾವು ಗೋದಲಿಯ ಮೇಲೆ ಕಟ್ಟುವಂಥವೇ. ಪೂಜೆ ಮುಗಿದು ಹೊರಗೆ ಬಂದರೆ ಅಂಗಳದಲ್ಲಿ ತಿಂಡಿಯ ಹೊಗೆ. ಬಾಳೆಲೆ ಹಾಸಿದ ಮಣ್ಣಿನ ಪಾತ್ರೆಯಲ್ಲಿ ಅಕ್ಕಿ ಹಿಟ್ಟು ಹುಯ್ದು, ಕೆಳಗೂ ಮೇಲೂ ಕೆಂಡವಿಟ್ಟು ಬೇಯಿಸುವ 'ಬಿಬಿಂಕಾ'. (ಗೋವೆಯ ಬೆಬಿಂಕಾ ನಿಮಗೆ ನೆನಪಾಗಬಹುದು. ಹೆಸರು ಹತ್ತಿರ, ತಿಂಡಿ ಬೇರೆ.) ಬಿದಿರಿನ ಕೊಳವೆಯಲ್ಲಿ ಹಬೆಗೆ ಬೇಯಿಸಿ ತೆಂಗಿನ ತುರಿ ಉದುರಿಸಿ ಕೊಡುವ, ನೇರಳೆ ಬಣ್ಣದ 'ಪುತೊ ಬುಂಬೊಂಗ್'. ಮಕ್ಕಳು ಏಳುತ್ತಿದ್ದುದು ಪೂಜೆಗೋ ತಿಂಡಿಗೋ ಎಂದು ಮಾತ್ರ ಕೇಳಬೇಡಿ. ಗುರುಗಳಾದ ನಮಗೆ ಆ ಉತ್ತರ ರುಚಿಸಲಿಕ್ಕಿಲ್ಲ.

ಮನೆಯಲ್ಲಿ ಸಂಜೆಯ ಜಪಸರ. ಹಿರಿಯರ ಕೈಯನ್ನು ಹಣೆಗೊತ್ತಿಕೊಂಡು ಆಶೀರ್ವಾದ ಪಡೆಯುವ 'ಮಾನೋ'; ನಮ್ಮ ಕರಾವಳಿಯ ಕೊಂಕಣಿ ಮನೆಗಳಲ್ಲಿ ತೇರ್ಸ್ ಮುಗಿದ ಮೇಲೆ ಬೆಸಾಂವ್ ಬೇಡುವಂತೆ. ಮಳೆ ಬಂದರೆ 'ಸುಂಕಾ' ಆಟ. ಅದು ನಮ್ಮ ಚೆನ್ನೆಮಣೆಯ ಬಂಧುವೇ. ಒಬ್ಬೊಬ್ಬರ ಕಡೆಗೆ ಏಳು ಗುಳಿ, ಜೊತೆಗೆ ಎರಡು ತುದಿಯಲ್ಲಿ ಎರಡು ದೊಡ್ಡ ಗುಳಿ.

ಇಷ್ಟು ಹೇಳಿದರೆ ಚಿತ್ರ ಪೂರ್ತಿಯಾಯಿತೇ? ಇಲ್ಲ. ಆ ಬಾಲ್ಯದಲ್ಲಿ ಅನೇಕ ಮನೆಗಳ ಊಟದ ಮೇಜಿನಲ್ಲಿ ಒಂದು ಕುರ್ಚಿ ಖಾಲಿ ಇತ್ತು. 1974ರ ಕಾರ್ಮಿಕ ಸಂಹಿತೆಯ ಮೂಲಕ ಜನರನ್ನು ಹೊರದೇಶಗಳ ದುಡಿಮೆಗೆ ಕಳುಹಿಸುವುದನ್ನು ಸರ್ಕಾರವೇ ವ್ಯವಸ್ಥೆಗೊಳಿಸಿತ್ತು. 1984 ಮತ್ತು 1985ರಲ್ಲಿ ದೇಶದ ಉತ್ಪನ್ನ ವರ್ಷಕ್ಕೆ ಸುಮಾರು ಶೇಕಡ 7ರಷ್ಟು ಕುಗ್ಗಿದಾಗ ಹೋಗುವವರು ಇನ್ನೂ ಹೆಚ್ಚಿದರು. ಅಪ್ಪ ಸೌದಿಯಲ್ಲಿ, ಅಮ್ಮ ಹಾಂಗ್‌ಕಾಂಗಿನಲ್ಲಿ ಬೇರೆಯವರ ಮಕ್ಕಳನ್ನು ನೋಡಿಕೊಳ್ಳುತ್ತಾ. ಫೋನು ದುಬಾರಿ. ಆದ್ದರಿಂದ ಕ್ಯಾಸೆಟ್ಟಿನಲ್ಲಿ ಮಾತು ತುಂಬಿ ಕಳುಹಿಸುತ್ತಿದ್ದರು. ಅಜ್ಜಿ, ಮಕ್ಕಳು ಟೇಪ್ ರೆಕಾರ್ಡರಿನ ಸುತ್ತ ಕೂತು ಕೇಳಿ, ಇನ್ನೊಂದು ಬದಿಯಲ್ಲಿ ತಮ್ಮ ಮಾತು ತುಂಬಿ ವಾಪಸು ಕಳುಹಿಸುವುದು. ಆಗಾಗ ದೊಡ್ಡ ರಟ್ಟಿನ ಪೆಟ್ಟಿಗೆ ಬರುತ್ತಿತ್ತು: 'ಬಾಲಿಕ್‌ಬಾಯನ್' ಪೆಟ್ಟಿಗೆ. ಅದರ ತುಂಬ ಸಾಬೂನು, ಚಾಕೊಲೇಟು, ಡಬ್ಬಿ ಮಾಂಸ, ಟವೆಲು. ಪೆಟ್ಟಿಗೆ ತೆರೆದಾಗ ಬರುತ್ತಿದ್ದ ಸಾಬೂನಿನ ಪರಿಮಳವನ್ನು ಇಂದಿಗೂ ಅವರು ಆಸೆಯಿಂದ ನೆನೆಯುತ್ತಾರೆ. ಕರಾವಳಿಯ ನಮ್ಮ ಅನೇಕ ಕುಟುಂಬಗಳಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನೊಂದು ಸಣ್ಣ ಸಂಗತಿ. 'ವೋಲ್ಟೆಸ್ ಫೈವ್' ಎಂಬ ಜಪಾನಿನ ಕಾರ್ಟೂನು ಅಲ್ಲಿನ ಮಕ್ಕಳಿಗೆ ಪ್ರಾಣವಾಗಿತ್ತು. ಕಾಣೆಯಾದ ತಂದೆಯನ್ನು ಹುಡುಕುವ ಅಣ್ಣತಮ್ಮಂದಿರು ಅದರಲ್ಲಿದ್ದಾರೆ. 1979ರಲ್ಲಿ, ಕೊನೆಯ ಕೆಲವೇ ಕಂತುಗಳು ಬಾಕಿ ಇದ್ದಾಗ, ಅಧ್ಯಕ್ಷ ಮಾರ್ಕೋಸ್ ಅದನ್ನು ನಿಲ್ಲಿಸಿಬಿಟ್ಟರು. ಆ ಮಕ್ಕಳು ಅದನ್ನು ಮರೆತಿಲ್ಲ.

ಆ ಮಾರ್ಕೋಸರ ಆಳ್ವಿಕೆ ಕೊನೆಗೊಂಡದ್ದು 1986ರ ಫೆಬ್ರವರಿಯಲ್ಲಿ. 22ರ ರಾತ್ರಿ ಮನಿಲಾದ ಮಹಾಧರ್ಮಾಧ್ಯಕ್ಷರಾಗಿದ್ದ ಕಾರ್ಡಿನಲ್ ಸಿನ್ ರೇಡಿಯೋ ವೆರಿತಾಸ್ ಮೂಲಕ ಜನರನ್ನು ಬೀದಿಗೆ ಕರೆದರು. ಜನ ಜಪಸರ ಹಿಡಿದು, ಮಾತೆ ಮರಿಯಮ್ಮನವರ ಸ್ವರೂಪಗಳನ್ನು ಹೊತ್ತು ಬಂದರು. ಕನ್ಯಾಸ್ತ್ರೀಯರು ಟ್ಯಾಂಕುಗಳೆದುರು ಮೊಣಕಾಲೂರಿದರು. 25ಕ್ಕೆ ಮಾರ್ಕೋಸ್ ದೇಶ ಬಿಟ್ಟರು. ಅಪ್ಪನ ಹೆಗಲ ಮೇಲೆ ಕೂತು ಅದನ್ನು ಕಂಡ ಮಕ್ಕಳು ಇಂದು ತಾವೇ ತಂದೆತಾಯಿಗಳು.

ಈಗ ಪ್ರಶ್ನೆಗೆ ಬರೋಣ. ಸಂತ ಅಗಸ್ಟೀನರು ತಮ್ಮ 'ಅರಿಕೆಗಳು' ಗ್ರಂಥದ ಹತ್ತನೆಯ ಭಾಗದಲ್ಲಿ ನೆನಪಿನ ಒಂದು ವಿಚಿತ್ರ ಗುಣವನ್ನು ಗುರುತಿಸುತ್ತಾರೆ. ಹಿಂದಿನ ದುಃಖವನ್ನು ಈಗ ದುಃಖಪಡದೆಯೇ ನೆನೆಯಬಹುದು. ಹಿಂದಿನ ಭಯವನ್ನು ಭಯವಿಲ್ಲದೆಯೇ ನೆನೆಯಬಹುದು. ಅಂದರೆ ಘಟನೆ ಮನಸ್ಸಿನಲ್ಲಿ ಉಳಿಯುತ್ತದೆ, ಅದರ ನೋವು ಸೋರಿಹೋಗುತ್ತದೆ. ಇದು ದೇವರ ಕರುಣೆಯೂ ಹೌದು, ಅಪಾಯವೂ ಹೌದು. ಸಂಖ್ಯಾಕಾಂಡದ ಹನ್ನೊಂದನೆಯ ಅಧ್ಯಾಯ ಓದಿ. ಮರಳುಗಾಡಿನಲ್ಲಿ ಇಸ್ರಯೇಲರು ಈಜಿಪ್ಟಿನ ಮೀನು, ಸೌತೆಕಾಯಿ, ಈರುಳ್ಳಿ, ಬೆಳ್ಳುಳ್ಳಿ ನೆನೆದು ಅಳುತ್ತಾರೆ. ಸೌತೆಕಾಯಿ ತಿಂದದ್ದು ಸುಳ್ಳಲ್ಲ. ಆದರೆ ಇಟ್ಟಿಗೆ ಹೊತ್ತದ್ದು, ಗಂಡುಮಕ್ಕಳನ್ನು ನೈಲ್ ನದಿಗೆ ಎಸೆದದ್ದು ಆ ಅಳುವಿನಲ್ಲಿ ಇಲ್ಲವೇ ಇಲ್ಲ.

ಫಿಲಿಪ್ಪೀನ್ಸಿನಲ್ಲೂ ಹೀಗೆಯೇ ಆಗುತ್ತಿದೆ. ಮಾರ್ಕೋಸರ ಕಾಲವೇ ಸುವರ್ಣಯುಗ, ಶಿಸ್ತು ಇತ್ತು, ರಸ್ತೆಗಳಿದ್ದವು ಎನ್ನುವವರು ಅಲ್ಲಿ ಬಹಳ ಮಂದಿ. 2022ರಲ್ಲಿ ಅವರ ಮಗನೇ ಅಧ್ಯಕ್ಷರಾಗಿ ಆಯ್ಕೆಯಾದರು. ಆದರೆ 1972ರಲ್ಲಿ ಹೇರಿದ ಸೈನಿಕ ಕಾನೂನಿನ ಕಾಲದ ಹಿಂಸೆಗೆ ಗುರಿಯಾದವರೆಂದು, 2013ರ ಕಾಯಿದೆಯ ಪ್ರಕಾರ, ಸರ್ಕಾರಿ ಮಂಡಳಿಯೇ 11,103 ಜನರನ್ನು ಗುರುತಿಸಿದೆ. ಬಾಲ್ಯ ಸಿಹಿಯಾಗಿತ್ತು ಎಂಬುದರಿಂದ ಆ ಕಾಲ ಒಳ್ಳೆಯದಾಗಿತ್ತು ಎಂದು ಸಿದ್ಧವಾಗುವುದಿಲ್ಲ. ತರ್ಕಶಾಸ್ತ್ರದ ಮೊದಲ ವರ್ಷದ ವಿದ್ಯಾರ್ಥಿಗೂ ತಿಳಿಯುವ ಮಾತಿದು. ಆದರೂ ನಾವೆಲ್ಲ ಅಲ್ಲಿ ಜಾರುತ್ತೇವೆ.

ಹಾಗಾದರೆ ನೆನಪೇ ಬೇಡವೇ? ಖಂಡಿತ ಬೇಕು. ಕಡೆಯ ಭೋಜನದಲ್ಲಿ ಪ್ರಭು ಯೇಸು ತಮ್ಮ ಸ್ಮರಣೆಗಾಗಿ ಇದನ್ನು ಮಾಡಿರೆಂದು ಆಜ್ಞಾಪಿಸಿದರು. ಅಲ್ಲಿರುವ ಗ್ರೀಕ್ ಪದ 'ಅನಾಮ್ನೇಸಿಸ್'. ಆಗಿಹೋದದ್ದಕ್ಕೆ ಹಂಬಲಿಸುವುದು ಅದರ ಅರ್ಥವಲ್ಲ. ದೇವರು ಅಂದು ಮಾಡಿದ್ದು ಇಂದು ನಮ್ಮೆದುರು ಇರುವಂತೆ ಸ್ಮರಿಸುವುದು. ಆ ಸ್ಮರಣೆಯಲ್ಲಿ ಶಿಲುಬೆಯನ್ನು ನಾವು ಬಿಟ್ಟುಬಿಡುವುದಿಲ್ಲ. ಪ್ರಭುವನ್ನು ಹಿಡಿದುಕೊಟ್ಟ ರಾತ್ರಿಯ ಮಾತನ್ನೂ ಹೇಳಿಯೇ ರೊಟ್ಟಿಯನ್ನು ಎತ್ತಿ ತೋರಿಸುತ್ತೇವೆ. ಧರ್ಮೋಪದೇಶಕಾಂಡದಲ್ಲೂ ಅಷ್ಟೇ. ಈ ವಿಧಿಗಳ ಅರ್ಥವೇನೆಂದು ಮಗ ಕೇಳಿದರೆ ತಂದೆಯ ಉತ್ತರ ಆರಂಭವಾಗುವುದು ಗುಲಾಮಗಿರಿಯಿಂದ.

ಫಿಲಿಪ್ಪೀನ್ಸಿನ ವಲಸಿಗರು ಸಿಂಬಾಂಗ್ ಗಾಬಿಯನ್ನು ಹೋದಲ್ಲೆಲ್ಲ ಕೊಂಡೊಯ್ದಿದ್ದಾರೆ. ಕೊಲ್ಲಿಯಲ್ಲಿ ದುಡಿಮೆಯ ಹೊತ್ತಿಗೆ ಹೊಂದಿಸಿ ಸಂಜೆಯೂ ಆಚರಿಸುತ್ತಾರೆ. 2019ರ ಡಿಸೆಂಬರ್ 15ರಂದು ಜಗದ್ಗುರು ಫ್ರಾನ್ಸಿಸರು ರೋಮಿನ ಸಂತ ಪೇತ್ರರ ಮಹಾದೇವಾಲಯದಲ್ಲಿ ಅವರಿಗಾಗಿ ಆ ಪೂಜೆಯನ್ನು ಅರ್ಪಿಸಿದರು. ಊರಿನ ಗದ್ದೆಯಿಲ್ಲ, ಕೋಳಿ ಕೂಗಿಲ್ಲ. ಆದರೆ ಪೂಜೆ ಇದೆ, ಪಕ್ಕದಲ್ಲಿ ಹೊಸಬರಿಗೂ ಜಾಗವಿದೆ. ನನಗೆ ಇದು ಸೌತೆಕಾಯಿಯ ಅಳುವಿಗಿಂತ ಬೇರೆಯಾಗಿ ಕಾಣುತ್ತದೆ.

ಬರುವ ಆಗಮನ ಕಾಲದಲ್ಲಿ ಒಂದು ಸಂಜೆ ಜಪಸರ ಮುಗಿದ ಮೇಲೆ ಟಿ.ವಿ. ಹಚ್ಚಬೇಡಿ. ಅಜ್ಜ, ಅಜ್ಜಿ ತಮ್ಮ ಕಾಲದ ಕ್ರಿಸ್ತಜಯಂತಿಯ ಕಥೆ ಹೇಳಲಿ. ಕಜ್ಜಾಯ, ಹೊಸ ಬಟ್ಟೆ, ನಡುರಾತ್ರಿಯ ಪೂಜೆ ಎಲ್ಲವನ್ನೂ ಹೇಳಲಿ. ಹೇಳಿ ಮುಗಿದ ಮೇಲೆ ಮಕ್ಕಳು ಒಂದೇ ಪ್ರಶ್ನೆ ಕೇಳಲಿ: "ಆ ದಿನ ಮನೆಯಲ್ಲಿ ಯಾರು ಇರಲಿಲ್ಲ?" ಉತ್ತರವಾಗಿ ಬಂದ ಹೆಸರನ್ನು ಮರುದಿನದ ಕುಟುಂಬ ಪ್ರಾರ್ಥನೆಯಲ್ಲಿ ಸೇರಿಸಿಕೊಳ್ಳಿ.