ಲಿನಕ್ಸ್ ಪರದೆಯಲ್ಲಿ ಅಕ್ಷರ ಮಂಜೇ? ರೆಸಲ್ಯೂಷನ್ ಇಳಿಸಬೇಡಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೋಗಲಿ, ವಿಂಡೋಸ್ 11 ಹಾಕಿಸೋಣವೆಂದರೆ ಹತ್ತು ವರ್ಷದ ಹಳೆಯ ಯಂತ್ರಗಳನ್ನು ಅದು ಒಪ್ಪುವುದಿಲ್ಲ. ಮದ್ದೂರು ತಾಲ್ಲೂಕಿನ ಆತಗೂರು ಹೋಬಳಿಯಂಥ ಕಡೆ ಕಂಪ್ಯೂಟರ್ ಎಂದರೆ ಮಗಳ ಡಿಗ್ರಿ ಓದಿಗೆ ಕೊಂಡ ಲ್ಯಾಪ್‌ಟಾಪು, ಜೆರಾಕ್ಸ್ ಅಂಗಡಿಯ ಡೆಸ್ಕ್‌ಟಾಪು, ಇಲ್ಲವೇ ಶಾಲೆಗೆ ಯಾರೋ ದಾನ ಕೊಟ್ಟ ಹಳೆಯ ಸೆಟ್ಟು. ಇವಕ್ಕೆಲ್ಲ ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕಿಕೊಂಡರೆ ಇನ್ನೂ ಕೆಲವು ವರ್ಷ ದುಡಿಯುತ್ತವೆ. ಸರ್ಕಾರಿ ಪ್ರೌಢಶಾಲೆಯ ಅನೇಕ ಮೇಷ್ಟ್ರುಗಳಿಗೆ ಉಬುಂಟು ಹೊಸದೂ ಅಲ್ಲ. ಶಿಕ್ಷಣ ಇಲಾಖೆಯ ಟ್ಯಾಲ್ಪ್ ಎಂಬ ಕಂಪ್ಯೂಟರ್ ತರಬೇತಿಯಲ್ಲಿ ಅವರು ಕೈಯಾಡಿಸಿದ್ದು ಅದರ ಮೇಲೆಯೇ.

ಹಾಕಿದ ಮೇಲೆ ಬರುವ ಮೊದಲ ದೂರು, ಅಕ್ಷರ ಮಂಜು. ಪಹಣಿ ತೆರೆದರೆ ಹಿಸ್ಸಾ ನಂಬರು 3 ಇದೆಯೋ 8 ಇದೆಯೋ ಗೊತ್ತಾಗದು. ಕನ್ನಡಕ್ಕೆ ಈ ಕಾಟ ಇಂಗ್ಲಿಷಿಗಿಂತ ಹೆಚ್ಚು. ಇಂಗ್ಲಿಷಿನಲ್ಲಿ ನೆಟ್ಟನೆ ಗೆರೆಗಳೇ ಬಹಳ, ನಮ್ಮದರಲ್ಲಿ ಸುತ್ತುಗಳೇ ಎಲ್ಲ. ದಕ್ಕೂ ಧಕ್ಕೂ, ಡಕ್ಕೂ ಢಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು. ಪರದೆಯ ಮೇಲೆ ಅದು ಒಂದೆರಡು ಪಿಕ್ಸೆಲ್ ಅಷ್ಟೆ. ಒತ್ತಕ್ಷರವಂತೂ ಮೊದಲೇ ಅರ್ಧ ಗಾತ್ರದ್ದು. ಸ್ವಲ್ಪ ಮಂಜಾದರೂ ಮೊದಲು ಅಳಿಸಿಹೋಗುವುದು ಇವೇ.

ಮೊದಲು ಒಂದು ಸ್ಕ್ರೀನ್‌ಶಾಟ್

ಯಾವ ಸೆಟ್ಟಿಂಗ್ ಮುಟ್ಟುವ ಮುನ್ನವೂ ತಪ್ಪು ಎಲ್ಲಿದೆ ಎಂದು ಹುಡುಕಿ. ಪಠ್ಯದ ಕಡತವೊಂದರಲ್ಲಿ "ಮದ್ದೂರು, ಮಳವಳ್ಳಿ, ಮಂಡ್ಯ, ಧನ, ಷಷ್ಠಿ" ಎಂದು ಟೈಪ್ ಮಾಡಿ, ಕೀಬೋರ್ಡಿನ ಪ್ರಿಂಟ್ ಸ್ಕ್ರೀನ್ ಗುಂಡಿ ಒತ್ತಿ ಚಿತ್ರ ತೆಗೆಯಿರಿ. ಅದನ್ನು ಮೊಬೈಲಿಗೆ ಕಳಿಸಿ ಹಿಗ್ಗಿಸಿ ನೋಡಿ. ವಾಟ್ಸ್‌ಆ್ಯಪಿನಲ್ಲಿ ಕಳಿಸುವುದಾದರೆ ಫೋಟೋ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೋವನ್ನು ಅದು ಕುಗ್ಗಿಸಿ ತಾನೇ ಮಂಜು ಮಾಡುತ್ತದೆ.

ಮೊಬೈಲಿನಲ್ಲಿ ಅಕ್ಷರ ಸ್ವಚ್ಛವಾಗಿ ಕಂಡರೆ ಕಂಪ್ಯೂಟರ್ ಬರೆದದ್ದು ಸರಿಯಾಗಿಯೇ ಇದೆ. ಕೆಟ್ಟಿರುವುದು ರೆಸಲ್ಯೂಷನ್, ಕೇಬಲ್ ಅಥವಾ ಮಾನಿಟರ್. ಚಿತ್ರದಲ್ಲೂ ಮಂಜಿದ್ದರೆ ಸ್ಕೇಲಿಂಗ್ ಅಥವಾ ಫಾಂಟಿನದು ತಪ್ಪು. ಇಷ್ಟು ತಿಳಿದರೆ ಅರ್ಧ ಅಲೆದಾಟ ತಪ್ಪಿತು.

ರೆಸಲ್ಯೂಷನ್

"ಅಣ್ಣ, ಅಕ್ಷರ ಸಣ್ಣಕ್ಕಾಗಿದೆ, ಒಸಿ ದೊಡ್ದು ಮಾಡ್ಕೊಡಿ" ಎಂದು ಯಾರೋ ಕೇಳುತ್ತಾರೆ. ಮಾಡಿಕೊಡುವವನು 1366×768 ಇದ್ದದ್ದನ್ನು 1024×768ಕ್ಕೆ ಇಳಿಸುತ್ತಾನೆ. ಅಕ್ಷರ ದೊಡ್ಡದಾದಂತೆ ಕಾಣುತ್ತದೆ, ನಿಜ. ಆದರೆ ಎತ್ತರ ಅಷ್ಟೇ ಉಳಿದು ಅಗಲ ಮಾತ್ರ ಹಿಗ್ಗುತ್ತದೆ, ಮಂಜೂ ಆಗುತ್ತದೆ. ನಾನು ನೋಡಿದ ಮಂಜು ಪರದೆಗಳಲ್ಲಿ ಹೆಚ್ಚಿನವು ಹೀಗೆ ಯಾರೋ ಉಪಕಾರ ಮಾಡಲು ಹೋಗಿ ಕೆಡಿಸಿದವು.

ಕಾರಣ ಸರಳ. ಹಳೆಯ ದಪ್ಪ ಗಾಜಿನ ಮಾನಿಟರಿಗೆ ಯಾವ ರೆಸಲ್ಯೂಷನ್ ಆದರೂ ನಡೆಯುತ್ತಿತ್ತು. ಎಲ್‌ಸಿಡಿ ಪರದೆ ಹಾಗಲ್ಲ, ಅದರ ಚುಕ್ಕೆಗಳನ್ನು ಕಾರ್ಖಾನೆಯಲ್ಲೇ ಎಣಿಸಿ ಕೂರಿಸಿರುತ್ತಾರೆ. ಅಡ್ಡಲಾಗಿ 1366 ಚುಕ್ಕೆ ಇರುವ ಕಡೆ 1024 ಚುಕ್ಕೆಯ ಚಿತ್ರ ಕೊಟ್ಟರೆ ಒಂದೊಂದು ಚುಕ್ಕೆಯೂ ಒಂದೂಕಾಲಿಗಿಂತ ಹೆಚ್ಚು ಜಾಗಕ್ಕೆ ಹರಡಬೇಕು. ಕಾಲು ಚುಕ್ಕೆ ಎಂಬುದು ಪರದೆಯಲ್ಲಿಲ್ಲ, ಹಾಗಾಗಿ ಅಕ್ಕಪಕ್ಕದ ಬಣ್ಣಗಳನ್ನು ಕಲಸಿ ತುಂಬಿಸುತ್ತದೆ. ಆ ಕಲಸಿದ್ದೇ ಮಂಜು.

ಸರಿಪಡಿಸಲು ಸೆಟ್ಟಿಂಗ್ಸ್ ತೆರೆದು ಡಿಸ್‌ಪ್ಲೇಗೆ ಹೋಗಿ. ರೆಸಲ್ಯೂಷನ್ ಪಟ್ಟಿಯಲ್ಲಿ ಪರದೆಯ ಸಹಜ ಅಳತೆಯನ್ನು ಆರಿಸಿ. ಸಾಮಾನ್ಯವಾಗಿ ಅದು ಪಟ್ಟಿಯ ಮೊದಲನೆಯದು. ಹಳೆಯ ಲ್ಯಾಪ್‌ಟಾಪುಗಳಲ್ಲಿ ಹೆಚ್ಚಾಗಿ 1366×768, ಹೊಸತರಲ್ಲಿ 1920×1080. ಸಂದೇಹವಿದ್ದರೆ ಮಿಂಟಿನಲ್ಲಿ ಟರ್ಮಿನಲ್ ತೆರೆದು ಎಕ್ಸ್, ಆರ್, ಎ, ಎನ್, ಡಿ, ಆರ್ ಎಂಬ ಆರು ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಬರೆದು ಎಂಟರ್ ಒತ್ತಿ. ಬರುವ ಪಟ್ಟಿಯಲ್ಲಿ ನಕ್ಷತ್ರ ಗುರುತು ಇರುವುದು ಈಗ ನಡೆಯುತ್ತಿರುವ ರೆಸಲ್ಯೂಷನ್, ಪ್ಲಸ್ ಗುರುತು ಇರುವುದು ಮಾನಿಟರ್ ಬಯಸುವುದು. ಎರಡೂ ಒಂದೇ ಸಾಲಿನಲ್ಲಿರಬೇಕು.

ಸರಿಯಾದ ಅಳತೆ ಪಟ್ಟಿಯಲ್ಲೇ ಇಲ್ಲದಿದ್ದರೆ

ಎರಡು ಕಾರಣಗಳಿರಬಹುದು. ಒಂದು, ಕೇಬಲ್. ಮಾನಿಟರ್ ತನ್ನ ಅಳತೆಯನ್ನು ಕೇಬಲ್ಲಿನ ಮೂಲಕವೇ ಕಂಪ್ಯೂಟರಿಗೆ ಹೇಳುತ್ತದೆ. ನೀಲಿ ಮೂತಿಯ ವಿಜಿಎ ಕೇಬಲ್ ಸಡಿಲವಾಗಿದ್ದರೆ, ಒಂದು ಪಿನ್ ಮುರಿದಿದ್ದರೆ ಆ ಮಾತು ತಲುಪುವುದಿಲ್ಲ. ಕಂಪ್ಯೂಟರ್ ಹೆದರಿಕೊಂಡು 1024×768ಕ್ಕೇ ನಿಲ್ಲುತ್ತದೆ. ಎರಡೂ ಕಡೆಯ ತಿರುಪು ಬಿಗಿ ಮಾಡಿ. ಬೇರೆ ಕೇಬಲ್ ಹಾಕಿ ನೋಡಿ. ಎರಡೂ ಕಡೆ ಎಚ್‌ಡಿಎಂಐ ಇದ್ದರೆ ವಿಜಿಎ ಬಿಟ್ಟೇಬಿಡಿ. ಇಲ್ಲದ ಅಳತೆಯನ್ನು ಆದೇಶ ಬರೆದು ಸೇರಿಸುವ ದಾರಿಯೂ ಇದೆ. ಆದರೆ ಅದಕ್ಕೆ ಲೆಕ್ಕ ಹಾಕಿಕೊಡುವ ಸಿವಿಟಿ ಎಂಬ ಸಲಕರಣೆಯನ್ನು 1366 ಕೇಳಿದರೆ 1368 ಕೊಡುತ್ತದೆ, ಏಕೆಂದರೆ ಅದು ಎಂಟರಿಂದ ಭಾಗವಾಗುವ ಸಂಖ್ಯೆಯನ್ನೇ ಹಿಡಿಯುವುದು. ಎರಡು ಚುಕ್ಕೆ ಹೆಚ್ಚಾದರೂ ಮತ್ತೆ ಮಂಜು. ಜೊತೆಗೆ ಆ ಬದಲಾವಣೆ ಕಂಪ್ಯೂಟರ್ ಆರಿಸಿ ಹಚ್ಚಿದರೆ ಹೋಗಿಬಿಡುತ್ತದೆ. ಹೊಸ ಕೇಬಲ್ಲೇ ಲೇಸು.

ಎರಡು, ಡ್ರೈವರ್. ಲಿನಕ್ಸ್ ಹಾಕುವಾಗ ಪರದೆ ಕಪ್ಪಾಯಿತೆಂದು ಸೇಫ್ ಗ್ರಾಫಿಕ್ಸ್ ಅಥವಾ ಕಂಪ್ಯಾಟಿಬಿಲಿಟಿ ಮೋಡ್ ಆರಿಸಿದ್ದಿರಾ? ಹಾಗಿದ್ದರೆ ನೋಮೋಡ್‌ಸೆಟ್ ಎಂಬ ಪದ ಬೂಟ್ ಸೆಟ್ಟಿಂಗಿನಲ್ಲಿ ಉಳಿದುಬಿಟ್ಟಿರಬಹುದು. ಅದಿರುವ ತನಕ ಗ್ರಾಫಿಕ್ಸ್ ಡ್ರೈವರ್ ಸರಿಯಾಗಿ ಎದ್ದೇಳುವುದಿಲ್ಲ. ಮಿಂಟಿನಲ್ಲಿ ಡ್ರೈವರ್ ಮ್ಯಾನೇಜರ್, ಉಬುಂಟುವಿನಲ್ಲಿ ಅಡಿಷನಲ್ ಡ್ರೈವರ್ಸ್ ತೆರೆದು, ಎನ್‌ವಿಡಿಯಾ ಕಾರ್ಡಿದ್ದರೆ ರೆಕಮೆಂಡೆಡ್ ಎಂದಿರುವುದನ್ನು ಹಾಕಿ. ಆಮೇಲೆ ಬೂಟ್ ಸೆಟ್ಟಿಂಗ್ ಇರುವ ಗ್ರಬ್ ಎಂಬ ಕಡತದಿಂದ ನೋಮೋಡ್‌ಸೆಟ್ ಪದ ಅಳಿಸಿ, ಗ್ರಬ್ ಅಪ್‌ಡೇಟ್ ಮಾಡಿ ರೀಸ್ಟಾರ್ಟ್ ಕೊಡಿ. ಗ್ರಬ್ ಕಡತಕ್ಕೆ ಕೈಹಾಕಿ ಅಭ್ಯಾಸವಿಲ್ಲದವರು ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅಲ್ಲಿ ತಪ್ಪಿದರೆ ಕಂಪ್ಯೂಟರ್ ಹತ್ತಿಕೊಳ್ಳದೆ ಹೋಗಬಹುದು.

ಮಾನಿಟರಿನ ಗುಂಡಿಗಳು, ಟಿವಿಯ ಚಾಳಿ

ವಿಜಿಎ ಬಿಡಲಾಗದಿದ್ದರೆ ಮಾನಿಟರಿನ ಆಟೋ ಗುಂಡಿ ಒತ್ತಿ. ಒತ್ತುವಾಗ ಪರದೆಯ ತುಂಬ ಬಿಳಿ ಪುಟದ ಮೇಲೆ ಕಪ್ಪು ಅಕ್ಷರವಿರಲಿ. ಖಾಲಿ ಕಪ್ಪು ಪರದೆಯಲ್ಲಿ ಒತ್ತಿದರೆ ಅಂಚು ಎಲ್ಲಿದೆ ಎಂದು ಅದಕ್ಕೆ ತಿಳಿಯದೆ ಹೆಚ್ಚು ಕೆಡಿಸುತ್ತದೆ.

ಶಾಲೆಯ ಗೋಡೆಯ ಟಿವಿಗೆ ಕಂಪ್ಯೂಟರ್ ಜೋಡಿಸಿದ್ದರೆ ಬೇರೆಯೇ ಕಥೆ. 32 ಇಂಚಿನ ಎಚ್‌ಡಿ ರೆಡಿ ಟಿವಿಗಳು 1920×1080 ಚಿತ್ರ ಕೊಟ್ಟರೂ ಸುಮ್ಮನೆ ತೆಗೆದುಕೊಳ್ಳುತ್ತವೆ, ಆದರೆ ಒಳಗಿನ ಪರದೆ ಇರುವುದು 1366×768. ಪಟ್ಟಿಯಲ್ಲಿ ಮೊದಲು ಇರುವುದನ್ನು ಆರಿಸಿ ಎಂದೆನಲ್ಲ, ಇಲ್ಲಿ ಆ ಮಾತು ನಂಬಬೇಡಿ. ಡಬ್ಬದ ಮೇಲೋ ಕೈಪಿಡಿಯಲ್ಲೋ ಅಳತೆ ನೋಡಿ. ಟಿವಿಯ ಮೆನುವಿನಲ್ಲಿ ಚಿತ್ರದ ಗಾತ್ರವನ್ನು ಜಸ್ಟ್ ಸ್ಕ್ಯಾನ್ ಅಥವಾ 1:1 ಮಾಡಿ, ಪಿಸಿ ಮೋಡ್ ಇದ್ದರೆ ಹಾಕಿ, ಶಾರ್ಪ್‌ನೆಸ್ ಪೂರ್ತಿ ಇಳಿಸಿ. ಶಾರ್ಪ್‌ನೆಸ್ ಏರಿಸಿದರೆ ಅಕ್ಷರ ಚೂಪಾಗುತ್ತದೆ ಎಂದು ತೋರುತ್ತದೆ. ಆಗುವುದು ಅಕ್ಷರದ ಸುತ್ತ ಬಿಳಿ ಅಂಚು.

ದೊಡ್ಡದು ಮಾಡುವ ಸರಿಯಾದ ದಾರಿ

15.6 ಇಂಚಿನ ಲ್ಯಾಪ್‌ಟಾಪಿನಲ್ಲಿ 1366×768 ಎಂದರೆ ಇಂಚಿಗೆ ಸುಮಾರು 100 ಚುಕ್ಕೆ. 1920×1080 ಎಂದರೆ 141. ಎರಡನೆಯದರಲ್ಲಿ ಅಕ್ಷರ ಸಣ್ಣದಾಗುವುದು ಸಹಜ, ನಲವತ್ತು ದಾಟಿದವರು ಪರದೆಗೆ ಮೂಗು ತಾಗಿಸುವುದೂ ಸಹಜ. ಆಗ ರೆಸಲ್ಯೂಷನ್ ಮುಟ್ಟದೆ ಅಕ್ಷರವನ್ನಷ್ಟೇ ಹಿಗ್ಗಿಸಿ.

ಮಿಂಟ್ ಸಿನಮನ್‌ನಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್‌ನ ಫಾಂಟ್ ಸೆಲೆಕ್ಷನ್ ಒಳಗೆ ಟೆಕ್ಸ್ಟ್ ಸ್ಕೇಲಿಂಗ್ ಫ್ಯಾಕ್ಟರ್ ಇದೆ. 1.0 ಇರುವುದನ್ನು 1.2 ಮಾಡಿ, ಸಾಲದಿದ್ದರೆ 1.3. ಉಬುಂಟುವಿನಲ್ಲಿ ಆಕ್ಸೆಸಿಬಿಲಿಟಿಯ ಲಾರ್ಜ್ ಟೆಕ್ಸ್ಟ್ ಆನ್ ಮಾಡಿದರೆ 1.25 ಆಗುತ್ತದೆ, ಬೇರೆ ಅಳತೆ ಬೇಕಾದವರು ಟ್ವೀಕ್ಸ್ ಎಂಬ ಸಲಕರಣೆ ಹಾಕಿಕೊಳ್ಳಬೇಕು.

ಡಿಸ್‌ಪ್ಲೇ ಪುಟದಲ್ಲೇ ಫ್ರಾಕ್ಷನಲ್ ಸ್ಕೇಲಿಂಗ್ ಎಂಬ ಗುಂಡಿಯೂ ಕಾಣುತ್ತದೆ, 125 ಶೇಕಡ ಎಂದು ಆಸೆ ತೋರಿಸುತ್ತದೆ. ಸ್ಕ್ರೀನ್‌ಶಾಟಿನಲ್ಲೂ ಮಂಜು ಕಂಡವರು ಮೊದಲು ಅನುಮಾನಿಸಬೇಕಾದ್ದು ಇದನ್ನೇ. ಈಚಿನ ಉಬುಂಟು ವೇಲ್ಯಾಂಡ್ ಎಂಬ ಹೊಸ ವ್ಯವಸ್ಥೆಯ ಮೇಲೆ ನಡೆಯುತ್ತದೆ. ಹಳೆಯ ಎಕ್ಸ್ ವ್ಯವಸ್ಥೆಗೆಂದು ಬರೆದ ತಂತ್ರಾಂಶಗಳಿಗೆ ಈ ಕಾಲು, ಅರೆ ಲೆಕ್ಕ ಅರ್ಥವಾಗದ್ದರಿಂದ ಅವು ಸಣ್ಣದಾಗಿ ಬರೆದುಕೊಟ್ಟದ್ದನ್ನು ವೇಲ್ಯಾಂಡ್ ಫೋಟೋ ಹಿಗ್ಗಿಸಿದಂತೆ ಹಿಗ್ಗಿಸುತ್ತದೆ. ಒಂದು ಕಿಟಕಿ ಸ್ವಚ್ಛ, ಪಕ್ಕದ್ದು ಮಂಜು ಎಂದಾದರೆ ಕಾರಣ ಇದೇ. ಸ್ಕೇಲ್ ನೂರಕ್ಕೆ ತಂದು, ಟೆಕ್ಸ್ಟ್ ಸ್ಕೇಲಿಂಗ್ ಏರಿಸಿ.

ಫಾಂಟು

ಫಾಂಟ್ ಸೆಟ್ಟಿಂಗಿನಲ್ಲಿ ಹಿಂಟಿಂಗ್, ಆಂಟಿಅಲಿಯಾಸಿಂಗ್ ಎಂಬ ಎರಡು ಆಯ್ಕೆಗಳಿವೆ. ಹಿಂಟಿಂಗ್ ಎಂದರೆ ಅಕ್ಷರದ ಗೆರೆಯನ್ನು ಚುಕ್ಕೆಗಳ ಸಾಲಿಗೆ ಒತ್ತಿ ಕೂರಿಸುವುದು. ಫುಲ್ ಇಟ್ಟರೆ ಇಂಗ್ಲಿಷ್ ಚೂಪಾಗಿ ಕಂಡೀತು, ಕನ್ನಡದ ಸುತ್ತುಗಳು ಸೊಟ್ಟಗಾಗುವ ಅಪಾಯವಿದೆ. ಸ್ಲೈಟ್ ಇಡಿ. ಆಂಟಿಅಲಿಯಾಸಿಂಗ್ ಎಲ್‌ಸಿಡಿಗೆ ಸಬ್‌ಪಿಕ್ಸೆಲ್ ಇರಲಿ. ಅಕ್ಷರದಂಚಿನಲ್ಲಿ ಕೆಂಪು ನೀಲಿ ಛಾಯೆ ಕಂಡರೆ ಗ್ರೇಸ್ಕೇಲ್ ಮಾಡಿ.

ಇದಕ್ಕಿಂತ ಮುಖ್ಯ, ಯಾವ ಕನ್ನಡ ಫಾಂಟ್ ಇದೆ ಎಂಬುದು. ಡೆಬಿಯನ್ ಕುಟುಂಬದ ಲಿನಕ್ಸ್‌ಗಳಲ್ಲಿ ಫಾಂಟ್ಸ್-ಕೆಎನ್‌ಡಿಎ ಎಂಬ ಪ್ಯಾಕೇಜ್ ಹಾಕಿದರೆ ಲೋಹಿತ್, ಗುಬ್ಬಿ, ನವಿಲು ಮೂರೂ ಬರುತ್ತವೆ. ಚೆನ್ನಾಗಿವೆ, ಆದರೆ ಲೋಹಿತ್‌ಗೂ ಗುಬ್ಬಿಗೂ ದಪ್ಪ ಅಕ್ಷರದ ರೂಪವಿಲ್ಲ. ಸುದ್ದಿಯ ತಲೆಬರಹ ಬೋಲ್ಡ್ ಬೇಕೆಂದಾಗ ಕಂಪ್ಯೂಟರ್ ಅದೇ ಅಕ್ಷರಕ್ಕೆ ಮಸಿ ಬಳಿದು ದಪ್ಪ ಮಾಡುತ್ತದೆ. ಒತ್ತಿನ ಹೊಟ್ಟೆ ಮುಚ್ಚಿಹೋಗುತ್ತದೆ. ದಿನನಿತ್ಯದ ಪಠ್ಯ ಸ್ವಚ್ಛವಿದ್ದು ತಲೆಬರಹ ಮಾತ್ರ ಕಲಸಿದಂತೆ ಕಂಡರೆ ಫಾಂಟ್ಸ್-ನೋಟೊ-ಕೋರ್ ಪ್ಯಾಕೇಜ್ ಹಾಕಿಕೊಳ್ಳಿ. ಅದರಲ್ಲಿರುವ ನೋಟೊ ಸಾನ್ಸ್ ಕನ್ನಡಕ್ಕೆ ನಿಜವಾದ ಬೋಲ್ಡ್ ಇದೆ. ಹಾಕಿದ ಮೇಲೂ ಲೋಹಿತ್ತೇ ಮುಂದೆ ಬರುತ್ತಿದ್ದರೆ ಅದನ್ನು ತೆಗೆದುಹಾಕಲು ಸಂಕೋಚ ಬೇಡ.

ಫೈರ್‌ಫಾಕ್ಸ್ ಬಳಸುವವರಿಗೆ ಇನ್ನೊಂದು ಅನುಕೂಲ. ಸೆಟ್ಟಿಂಗ್ಸ್‌ನ ಫಾಂಟ್ಸ್ ಭಾಗದಲ್ಲಿ ಅಡ್ವಾನ್ಸ್‌ಡ್ ಒತ್ತಿದರೆ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಅಲ್ಲಿ ಫಾಂಟನ್ನು ನೋಟೊ ಮಾಡಿ, ಕನಿಷ್ಠ ಗಾತ್ರ 16 ಎಂದು ಕೊಡಿ. ಪುಟ ತಾನು ಕನ್ನಡದ್ದೆಂದು ಒಳಗೆ ಹೇಳಿಕೊಳ್ಳದಿದ್ದರೆ ಈ ನಿಯಮ ಹಿಡಿಯದೆ ಇರಬಹುದು, ಅಂಥ ಪುಟಗಳು ಬೇಕಾದಷ್ಟಿವೆ. ಆಗ ಕಂಟ್ರೋಲ್ ಹಿಡಿದು ಪ್ಲಸ್ ಒತ್ತುವುದೇ ಸುಲಭದ ದಾರಿ.

ಅಕ್ಷರದ ಬದಲು ಬರೀ ಚೌಕ ಡಬ್ಬಿ ಕಂಡರೆ ಅದು ಮಂಜಲ್ಲ, ಫಾಂಟೇ ಇಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಂಡರೆ ಅದು ಹೆಚ್ಚಾಗಿ ನುಡಿ ಎಂಬ ತಂತ್ರಾಂಶದ ಹಳೆಯ ಕಡತ. ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲಿ ಯೂನಿಕೋಡಿಗೆ ಮುನ್ನ ಟೈಪಾದ ಪತ್ರಗಳನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಮೇಲಿನ ಯಾವ ಸೆಟ್ಟಿಂಗೂ ಅದಕ್ಕೆ ಮದ್ದಲ್ಲ.

ಮಾನಿಟರ್ ಬದಲಿಸುವ ಯೋಚನೆಯಿದ್ದು, ಮದ್ದೂರಿನಲ್ಲೋ ಮಂಡ್ಯದಲ್ಲೋ ಸೆಕೆಂಡ್‌ಹ್ಯಾಂಡ್ ನೋಡುವುದಾದರೆ 21.5 ಇಂಚಿನ 1920×1080 ಕೇಳಿ. ಇಂಚಿಗೆ 102 ಚುಕ್ಕೆ ಬೀಳುತ್ತದೆ, ಸ್ಕೇಲಿಂಗಿನ ಗೋಜಿಲ್ಲದೆ ನೂರು ಶೇಕಡದಲ್ಲೇ ಓದಬಹುದು. ಹಿಂಭಾಗದಲ್ಲಿ ಎಚ್‌ಡಿಎಂಐ ಅಥವಾ ಡಿಸ್‌ಪ್ಲೇಪೋರ್ಟ್ ಕಿಂಡಿ ಇದೆಯೇ ನೋಡಿ, ನಿಮ್ಮ ಕಂಪ್ಯೂಟರಿನಲ್ಲೂ ಅದೇ ಇದೆಯೇ ಎಂದು ಮನೆ ಬಿಡುವ ಮುನ್ನವೇ ನೋಡಿ, ಫೋಟೋ ತೆಗೆದುಕೊಂಡು ಹೋಗಿ.