ಗಾಣದ ಎಣ್ಣೆ: ಬೆಲೆಗೆ ತಕ್ಕ ಗುಣವುಂಟೇ?

ಯಾದಗಿರಿ ಜಿಲ್ಲೆಯ ಕೆಂಭಾವಿಯ ಸೀಮೆಗೆ ಕುಸುಬೆ ಹೊಸ ಬೆಳೆಯಲ್ಲ. ಹಿಂಗಾರಿಯ ಜೋಳದ ಹೊಲಕ್ಕೆ ಇದನ್ನು ಅಂಚಿನ ಸಾಲಾಗಿ ಬಿತ್ತುವುದುಂಟು. ಮುಳ್ಳಿಗೆ ಹೆದರಿ ದನಗಳು ಒಳನುಗ್ಗಲಾರವು. ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲುವೆಗಳು ಸುರಪುರ, ಶಹಾಪುರಗಳ ಕಡೆಗೆ ನೀರು ತಂದ ಮೇಲೆ ಭತ್ತವೂ ಹತ್ತಿಯೂ ಹರಡಿದವು. ಇಂದು ಕಟ್ಟಿಗೆಯ ಗಾಣದಲ್ಲಿ ಸ್ವಲ್ಪಸ್ವಲ್ಪವಾಗಿ ತೆಗೆದ ಕುಸುಬೆ ಎಣ್ಣೆಗೆ ಶುದ್ಧೀಕರಿಸಿದ ಎಣ್ಣೆಗಿಂತ ಬಹಳ ಹೆಚ್ಚಿನ ಬೆಲೆ. ಆ ಹೆಚ್ಚಿನ ಹಣಕ್ಕೆ ನಮಗೆ ದೊರೆಯುವುದೇನು ಎಂಬುದನ್ನು ವಿಚಾರಿಸೋಣ.

ಮೊದಲು ಲೆಕ್ಕ. ೧೦೦ ಕಿಲೋ ಕುಸುಬೆಯಲ್ಲಿ ಸುಮಾರು ೩೦ ಕಿಲೋ ಎಣ್ಣೆ ಇದೆಯೆನ್ನೋಣ. ಗಾಣದ ಹಿಂಡಿಯಲ್ಲಿ ನೂರಕ್ಕೆ ೧೦ರಷ್ಟು ಎಣ್ಣೆ ಉಳಿದರೆ, ಕೈಗೆ ಬರುವುದು ೨೨ ಕಿಲೋ ಮಾತ್ರ. ದೊಡ್ಡ ಕಾರ್ಖಾನೆಯಲ್ಲಿ ಹೆಕ್ಸೇನ್ ಎಂಬ ದ್ರವದಲ್ಲಿ ಎಣ್ಣೆಯನ್ನು ಕರಗಿಸಿ ತೆಗೆದು, ಬಳಿಕ ಆ ದ್ರವವನ್ನು ಆವಿಯಾಗಿ ಹೊರಡಿಸುತ್ತಾರೆ. ಅಲ್ಲಿ ಹಿಂಡಿಯಲ್ಲಿ ಉಳಿಯುವುದು ನೂರಕ್ಕೆ ಒಂದರಷ್ಟು. ದೊರೆಯುವುದು ಸುಮಾರು ೨೯ ಕಿಲೋ. ಆದುದರಿಂದ ಒಂದು ಕಿಲೋ ಎಣ್ಣೆಗೆ ಗಾಣಕ್ಕೆ ಮೂರನೆಯ ಒಂದು ಪಾಲಿನಷ್ಟು ಹೆಚ್ಚು ಬೀಜ ಬೇಕು. ಕೂಲಿಯೂ ಹೆಚ್ಚು. ಗಾಣದವನು ಹೆಚ್ಚಿನ ಬೆಲೆ ಕೇಳಿದರೆ ಅದೆಲ್ಲವೂ ಮೋಸವೆನ್ನಲಾಗದು. ಆದರೆ ಬೆಲೆ ಎರಡು ಮೂರು ಪಟ್ಟಾದಾಗ ಬೀಜದ ಲೆಕ್ಕವೊಂದೇ ಅದನ್ನು ಸಮರ್ಥಿಸಲಾರದು.

ಇನ್ನು ಗುಣ. ಸಾಮಾನ್ಯ ಕುಸುಬೆ ತಳಿಗಳ ಎಣ್ಣೆಯಲ್ಲಿ ನೂರಕ್ಕೆ ೭೦ಕ್ಕೂ ಮಿಗಿಲಾಗಿರುವುದು ಲಿನೋಲೆಯಿಕ್ ಆಮ್ಲ. ಶುದ್ಧೀಕರಣದಿಂದ ಈ ಪ್ರಮಾಣ ಹೆಚ್ಚೇನೂ ಬದಲಾಗದು. ಬದಲಾಗುವುವು ಬಣ್ಣ, ವಾಸನೆ, ರುಚಿ. ಇ ಜೀವಸತ್ವದ ಒಂದಂಶವೂ ನಷ್ಟವಾಗುತ್ತದೆ. ಎಣ್ಣೆಗಾಯಿಯಲ್ಲಿಯೂ ಚಟ್ನಿಪುಡಿಯ ಮೇಲೆಯೂ ಕುಸುಬೆಯ ಕಂಪು ಬೇಕೆನ್ನುವವರಿಗೆ ಗಾಣದ ಎಣ್ಣೆಯೇ ಬೇಕು. ರೋಗ ವಾಸಿಮಾಡುವುದೆಂಬ ಮಾತಿಗೆ ಮಾತ್ರ ಈ ವ್ಯತ್ಯಾಸಗಳು ಆಧಾರವಾಗಲಾರವು.

ಒಂದು ಎಚ್ಚರಿಕೆಯೂ ಉಂಟು. ೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮಿಕ್ಕ ಟರ್ಕಿ ಕೋಳಿಗಳು ಬೂಷ್ಟು ಹಿಡಿದ ಶೇಂಗಾ ಹಿಂಡಿಯನ್ನು ತಿಂದು ಸತ್ತವು. ಅಫ್ಲಾಟಾಕ್ಸಿನ್ ಎಂಬ ವಿಷ ಪತ್ತೆಯಾದುದು ಹೀಗೆ. ಶುದ್ಧೀಕರಣದಲ್ಲಿ ಕ್ಷಾರ ಬೆರೆಸುವಾಗ ಇದು ಬಹುಮಟ್ಟಿಗೆ ತೊಲಗುತ್ತದೆ. ಗಾಣದಲ್ಲಿ ಆ ಕ್ರಿಯೆಯಿಲ್ಲ. ಬೀಜ ಕೆಟ್ಟಿದ್ದರೆ ಎಣ್ಣೆಯೂ ಕೆಟ್ಟದ್ದೇ. ಆದುದರಿಂದ ಗಾಣದ ಶೇಂಗಾ ಎಣ್ಣೆಯನ್ನು ಕೊಳ್ಳುವವರು ಗಾಣದ ಮರಕ್ಕಿಂತ ಮೊದಲು ಬೀಜವನ್ನು ನೋಡಬೇಕು.

ಬೆಲೆಯೇ ನಾಲಿಗೆಯನ್ನು ವಂಚಿಸುವುದೂ ಉಂಟು. ೨೦೦೮ರಲ್ಲಿ ಕ್ಯಾಲಿಫೋರ್ನಿಯದ ವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಒಂದೇ ದ್ರಾಕ್ಷಾರಸವನ್ನು ಒಮ್ಮೆ ೧೦ ಡಾಲರಿನದೆಂದೂ ಮತ್ತೊಮ್ಮೆ ೯೦ ಡಾಲರಿನದೆಂದೂ ಹೇಳಿ ಕುಡಿಸಲಾಯಿತು. ಜನರಿಗೆ ೯೦ರದ್ದೇ ರುಚಿಸಿತು. ಮಿದುಳಿನಲ್ಲಿ ಸುಖಾನುಭವಕ್ಕೆ ಸಂಬಂಧಿಸಿದ ಭಾಗವೂ ಹೆಚ್ಚು ಚುರುಕಾಯಿತು. ಅವರು ಸುಳ್ಳಾಡಲಿಲ್ಲ, ಬೆಲೆಯ ಅರಿವೇ ರುಚಿಯಾಗಿ ಪರಿಣಮಿಸಿತ್ತು.

ವಾಚಕರು ಮನೆಯಲ್ಲಿಯೇ ಪರೀಕ್ಷಿಸಬಹುದು. ಮೂರು ಬಟ್ಟಲುಗಳಲ್ಲಿ ಎರಡಕ್ಕೆ ಒಂದು ಬಗೆಯ ಎಣ್ಣೆ, ಮೂರನೆಯದಕ್ಕೆ ಇನ್ನೊಂದನ್ನು ಹಾಕಿ. ಕಣ್ಣು ಕಟ್ಟಿಕೊಂಡು ರೊಟ್ಟಿ ಅದ್ದಿ ತಿಂದು, ಬೇರೆಯಾದುದನ್ನು ಹೇಳಿರಿ. ಬಟ್ಟಲುಗಳನ್ನು ಅದಲುಬದಲು ಮಾಡಿ ಐದು ಸಲ ನೋಡಿರಿ. ಬರಿಯ ಊಹೆಯಿಂದ ಐದೂ ಸಲ ಸರಿಯಾಗುವುದು ೨೪೩ರಲ್ಲಿ ಒಂದು ಸಾರಿ ಮಾತ್ರ. ಇದೇ ಎಣ್ಣೆಗಳಲ್ಲಿ ಮಾಡಿದ ಪಲ್ಯದಿಂದಲೂ ಪರೀಕ್ಷಿಸಿರಿ. ಹಸಿಯಾಗಿ ತಿಳಿದ ಭೇದ ಒಗ್ಗರಣೆಯಲ್ಲಿ ಅಳಿದುಹೋದರೆ, ಒಗ್ಗರಣೆಗೆ ಆ ಹಣವೇಕೆ?

ಕಂಪಿಗಾಗಿ ಗಾಣದ ಎಣ್ಣೆಯನ್ನು ಸ್ವಲ್ಪವೇ ಕೊಂಡು, ಬೆಳಕು ತಾಗದಂತೆ ಇರಿಸಿ, ಬೇಗನೆ ಬಳಸುವುದು ಜಾಣತನ. ಕೂಲಿಯ ಹಣದಲ್ಲಿ ಸಂಸಾರ ಸಾಗಿಸುವವರು ಶುದ್ಧೀಕರಿಸಿದ ಎಣ್ಣೆ ಕೊಂಡು, ಉಳಿದ ಹಣದಲ್ಲಿ ಬೇಳೆ, ಸೊಪ್ಪು ತಂದರೆ ಮಕ್ಕಳಿಗೆ ಯಾವ ಕೊರತೆಯೂ ಆಗದು, ಲಾಭವೇ ಆದೀತು.