ಗದ್ದಲವಿಲ್ಲದ ಕ್ರಿಸ್‌ಮಸ್



ಹಬ್ಬ ಎಂದರೆ ಎಲ್ಲರಿಗೂ ಸಂತೋಷ. ಆದರೆ ಮನೆಯಲ್ಲಿ ಕಷ್ಟ ಇರುವಾಗ ಹಬ್ಬ ಬಂದರೆ? ಮಾಡದಿದ್ದರೆ ಮಕ್ಕಳ ಮುಖ ನೋಡೋಕಾಗಲ್ಲ. ಮಾಡೋಣ ಅಂದರೆ ಕೈಯಲ್ಲಿ ಕಾಸಿಲ್ಲ. ಇಲ್ಲಿ ಒಬ್ಬ ಅಕ್ಕನ ಕಥೆ ಇದೆ. ಓದಿ.

ಈ ಅಕ್ಕನದು ಕ್ರೈಸ್ತ ಕುಟುಂಬ. ಗಂಡ ಗಾರೆ ಕೆಲಸ ಮಾಡುತ್ತಿದ್ದರು. ಅಕ್ಕ ಕೂಲಿಗೆ ಹೋಗುತ್ತಾರೆ. ಸಂಜೆ ಅಕ್ಷರ ಕಲಿಯಲು ಬರುತ್ತಾರೆ. ಮನೆಯಲ್ಲಿ ಅತ್ತೆ, ಒಬ್ಬ ಮಗ, ಒಬ್ಬಳು ಮಗಳು.

ಡಿಸೆಂಬರ್ 25 ಕ್ರಿಸ್‌ಮಸ್. ಅದು ಯೇಸು ಹುಟ್ಟಿದ ಹಬ್ಬ. ಪ್ರತಿ ವರ್ಷ ಇವರ ಮನೆಯಲ್ಲಿ ಗದ್ದಲವೋ ಗದ್ದಲ. ವಾರದ ಮೊದಲೇ ಕರ್ಜಿಕಾಯಿ, ಚಕ್ಕುಲಿ ಕರಿಯುತ್ತಿದ್ದರು. ಬಾಗಿಲಿಗೆ ನಕ್ಷತ್ರದ ದೀಪ. ಮೂಲೆಯಲ್ಲಿ ಗೋದಲಿ. ಗೋದಲಿ ಎಂದರೆ ಯೇಸು ಹುಟ್ಟಿದ ದನದ ಕೊಟ್ಟಿಗೆಯ ಮಾದರಿ. ಹಬ್ಬದ ಹಿಂದಿನ ರಾತ್ರಿ ಗಂಡ ಬೈಬಲ್ ತೆರೆದು ಯೇಸು ಹುಟ್ಟಿದ ಕಥೆ ಓದುತ್ತಿದ್ದರು. ಎಲ್ಲರೂ ಕೇಳುತ್ತಿದ್ದರು.

ಒಂದು ವರ್ಷ ಅಕ್ಟೋಬರ್ ತಿಂಗಳಲ್ಲಿ ಗಂಡನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿತು. ಮಾತು ನಿಂತಿತು. ಆಸ್ಪತ್ರೆಯಿಂದ ಮನೆಗೆ ಬಂದರೂ ಹಾಸಿಗೆಯೇ ಗತಿ. ಕೂಡಿಟ್ಟ ಹಣವೆಲ್ಲ ಕರಗಿತು.

ಡಿಸೆಂಬರ್ ಬಂತು. ಅತ್ತೆ ಕೇಳಿದರು: “ಹಬ್ಬಕ್ಕೆ ಏನೂ ಮಾಡಲ್ವಾ? ಜನ ಏನಂದಾರು? ಎಲ್ಲಾದ್ರೂ ಹತ್ತು ಸಾವಿರ ಸಾಲ ತಾರಮ್ಮ.”

ಅಕ್ಕ ನೋಟ್‌ಬುಕ್ ತೆಗೆದರು. “ಬನ್ನಿ ಅತ್ತೆ, ಲೆಕ್ಕ ಹಾಕೋಣ” ಅಂದರು.

ಸಾಲ 10,000 ರೂಪಾಯಿ. ಬಡ್ಡಿ ತಿಂಗಳಿಗೆ ನೂರಕ್ಕೆ 5 ರೂಪಾಯಿ. ತಿಂಗಳಿಗೆ 500 ರೂಪಾಯಿ ಬಡ್ಡಿ. ವರ್ಷಕ್ಕೆ 6,000 ರೂಪಾಯಿ. ಅಸಲು ಹಾಗೇ ಇರುತ್ತದೆ!

“ಹಬ್ಬ ಒಂದು ದಿನ ಅತ್ತೆ. ಬಡ್ಡಿ ವರ್ಷವೆಲ್ಲಾ” ಅಂದರು ಅಕ್ಕ. ಅತ್ತೆ ಸುಮ್ಮನಾದರು.

ಮಗ ಮಾತ್ರ ಸಿಟ್ಟಾದ. “ಎಲ್ರೂ ಹೊಸ ಬಟ್ಟೆ ಹಾಕ್ತಾರೆ. ನಾನು ಚರ್ಚಿಗೆ ಬರಲ್ಲ” ಅಂದ. ಅಕ್ಕ ಬೈಯಲಿಲ್ಲ. ಸುಳ್ಳೂ ಹೇಳಲಿಲ್ಲ. ಮಕ್ಕಳನ್ನು ಹತ್ತಿರ ಕೂರಿಸಿಕೊಂಡರು. “ಅಪ್ಪನ ಮಾತ್ರೆಗೆ ದುಡ್ಡು ಬೇಕು ಕಣಪ್ಪ. ವ್ಯಾಯಾಮ ಮಾಡಿಸೋರಿಗೂ ಕೊಡಬೇಕು. ಈ ಸಲ ಯಾವುದು ಬಿಡೋಣ? ಯಾವುದು ಇರಲಿ? ನೀವೇ ಹೇಳಿ” ಎಂದು ಕೇಳಿದರು.

“ಗೋದಲಿ ಇರಲಿ” ಅಂದಳು ಮಗಳು. “ಒಂದು ಪಾಯಸ ಆದ್ರೂ ಇರಲಿ” ಅಂದರು ಅತ್ತೆ. ಮಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ “ನಕ್ಷತ್ರ ನಾನೇ ಕಟ್ತೀನಿ” ಅಂದ.

ಮಗಳು ತೆಂಗಿನ ಕರಟಗಳಲ್ಲಿ ಮಣ್ಣು ತುಂಬಿ ರಾಗಿ ಚೆಲ್ಲಿದಳು. ದಿನಾ ನೀರು ಹಾಕಿದಳು. ಹತ್ತು ದಿನದಲ್ಲಿ ಹಸಿರು ಪೈರು ಬಂತು. ಗೋದಲಿಯ ಮುಂದೆ ಅದೇ ಹೊಲ. ಮಗ ಬಿದಿರಿನ ಕಡ್ಡಿ ಸೀಳಿ, ಬಣ್ಣದ ಕಾಗದ ಅಂಟಿಸಿ ನಕ್ಷತ್ರ ಮಾಡಿದ. ಒಟ್ಟು ಖರ್ಚು ಇಷ್ಟೇ:

ಬಣ್ಣದ ಕಾಗದ: 60 ರೂಪಾಯಿ
ಮೇಣದಬತ್ತಿ: 40 ರೂಪಾಯಿ
ಪಾಯಸದ ಸಾಮಾನು: 250 ರೂಪಾಯಿ
ಒಟ್ಟು: 350 ರೂಪಾಯಿ

ಹಬ್ಬದ ಹಾಡು ಹೇಳುವ ಹುಡುಗರು ಡ್ರಮ್ಮು ಹಿಡಿದು ಬಂದರು. ಅಕ್ಕ ಬಾಗಿಲಲ್ಲೇ ನಿಂತು, “ಒಳಗೆ ಕಾಯಿಲೆಯವರು ಇದ್ದಾರಪ್ಪ. ಡ್ರಮ್ಮು ಬೇಡ. ಒಂದೇ ಹಾಡು ಮೆಲ್ಲಗೆ ಹೇಳಿ” ಅಂದರು. ಹುಡುಗರು ಚಪ್ಪಲಿ ಬಿಟ್ಟು ಒಳಗೆ ಬಂದು, ಹಾಸಿಗೆಯ ಹತ್ತಿರ ನಿಂತು ಹಾಡಿದರು. ಗಂಡನ ಕಣ್ಣಲ್ಲಿ ನೀರು ಬಂತು.

ಪಕ್ಕದ ಮನೆಯವರು ತಟ್ಟೆ ತುಂಬಾ ಚಕ್ಕುಲಿ ತಂದರು. “ಪ್ರತಿ ವರ್ಷ ನೀವು ಕೊಡ್ತಿದ್ರಿ. ಈ ವರ್ಷ ನಮ್ಮದು” ಅಂದರು. ಅಕ್ಕನಿಗೆ ನಾಚಿಕೆ ಆಯಿತು. ಆದರೂ ಬೇಡ ಅನ್ನಲಿಲ್ಲ. ಖಾಲಿ ತಟ್ಟೆ ಕಳಿಸಬಾರದು ಎಂದು ಒಂದು ಹಿಡಿ ಸಕ್ಕರೆ ಹಾಕಿ ಕೊಟ್ಟರು.

ರಾತ್ರಿ ಆಯಿತು. ಬೈಬಲ್ ಓದುವವರು ಯಾರು? “ನಾನು ಓದಲಾ ಅಮ್ಮಾ?” ಅಂದ ಮಗ. “ಇವತ್ತು ನಾನು ಓದ್ತೀನಿ” ಅಂದರು ಅಕ್ಕ. ಲೂಕ ಬರೆದ ಪುಸ್ತಕದ 2ನೇ ಅಧ್ಯಾಯ ತೆಗೆದರು. ಬೆರಳಿಟ್ಟು ಒಂದೊಂದೇ ಪದ ಓದಿದರು. ‘ಬೆತ್ಲೆಹೇಮ್’ ಎಂಬ ಊರಿನ ಹೆಸರು ಬಂತು. ಒತ್ತಕ್ಷರದ ಹತ್ತಿರ ನಾಲಿಗೆ ತೊಡರಿತು. ನಿಂತರು. ಯಾರೂ ನಗಲಿಲ್ಲ. ಗಂಡ ಎಡಗೈ ಚಾಚಿ ಆ ಪದದ ಕೆಳಗೆ ಬೆರಳಿಟ್ಟರು. ಅಕ್ಕ ಮತ್ತೆ ಕೂಡಿಸಿ ಓದಿದರು. ಈ ಸಲ ಸರಿಯಾಯಿತು.

ಆ ಕಥೆಯಲ್ಲೂ ಒಂದು ಬಡ ಕುಟುಂಬ ಇದೆ. ತುಂಬು ಗರ್ಭಿಣಿ ಮರಿಯಳಿಗೆ ಛತ್ರದಲ್ಲಿ ಜಾಗ ಸಿಗಲಿಲ್ಲ. ಮಗುವನ್ನು ದನಗಳ ಮೇವಿನ ಗೋದಲಿಯಲ್ಲಿ ಮಲಗಿಸಿದರು. ಅಲ್ಲಿ ಹೊಸ ಬಟ್ಟೆ ಇರಲಿಲ್ಲ. ಕರ್ಜಿಕಾಯಿಯೂ ಇರಲಿಲ್ಲ.

“ಅವತ್ತು ನಮ್ಮ ಮನೆಯಲ್ಲಿ ಕಷ್ಟ ಇತ್ತು. ಹಬ್ಬವೂ ಇತ್ತು” ಎಂದು ಅಕ್ಕ ಹೇಳುತ್ತಾರೆ.

ತಿಳಿದುಕೊಳ್ಳಿ

ಮಿತಿಮೀರಿದ ಬಡ್ಡಿ ವಸೂಲಿ ಮಾಡುವುದು ಅಪರಾಧ. ಇದನ್ನು ತಡೆಯಲು ಕರ್ನಾಟಕದಲ್ಲಿ 2004ರ ಕಾಯ್ದೆ ಇದೆ. ಸಾಲ ಬೇಕೇ ಬೇಕಾದರೆ ಮೊದಲು ನಿಮ್ಮ ಮಹಿಳಾ ಸಂಘದಲ್ಲಿ ಕೇಳಿ. ಬಡ್ಡಿ ಎಷ್ಟು ಎಂದು ಓದಿಯೇ ಸಹಿ ಹಾಕಿ.

ಒತ್ತಕ್ಷರ ಓದಿ, ಬರೆಯಿರಿ

ನಕ್ಷತ್ರ, ಅಕ್ಟೋಬರ್, ಆಸ್ಪತ್ರೆ, ವ್ಯಾಯಾಮ, ಬಡ್ಡಿ, ಬೆತ್ಲೆಹೇಮ್

ಲೆಕ್ಕ ಮಾಡಿ

ಸಂಘದಲ್ಲಿ ಬಡ್ಡಿ ತಿಂಗಳಿಗೆ ನೂರಕ್ಕೆ 1 ರೂಪಾಯಿ ಆದರೆ, 10,000 ರೂಪಾಯಿಗೆ ವರ್ಷಕ್ಕೆ ಬಡ್ಡಿ ಎಷ್ಟು?

ಎಲ್ಲರೂ ಕೂತು ಮಾತಾಡಿ

1. ಅಕ್ಕ ಮಕ್ಕಳಿಗೆ ನಿಜ ಹೇಳಿದ್ದು ಸರಿಯೇ?
2. ‘ಜನ ಏನಂದಾರು’ ಎಂದು ನೀವು ಯಾವಾಗಲಾದರೂ ಸಾಲ ಮಾಡಿದ್ದೀರಾ?
3. ಯುಗಾದಿ, ರಂಜಾನ್, ಕ್ರಿಸ್‌ಮಸ್, ನಿಮ್ಮ ಹಬ್ಬ ಯಾವುದೇ ಇರಲಿ. ಕಷ್ಟ ಬಂದಾಗ ಯಾವುದು ಬಿಡುತ್ತೀರಿ? ಯಾವುದು ಉಳಿಸಿಕೊಳ್ಳುತ್ತೀರಿ?